ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಮಣ್ಣಿನ ಸೈಕಲ್ ದಾರಿಗಳು

ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಮಣ್ಣಿನ ಸೈಕಲ್ ದಾರಿಗಳು ಎಂದರೆ ಕರ್ನಾಟಕದ ದಕ್ಷಿಣ ತುದಿಯ ಚಾಮರಾಜನಗರ ಜಿಲ್ಲೆಯಲ್ಲಿ, ಮುಖ್ಯವಾಗಿ ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ, ಮೋಟಾರು ವಾಹನಗಳ ಓಡಾಟವಿಲ್ಲದ ಅಥವಾ ಅತಿ ವಿರಳವಾಗಿರುವ, ಡಾಂಬರು ಹಾಕದ ಹಳ್ಳಿದಾರಿಗಳು. ಸುವರ್ಣಾವತಿ ಮತ್ತು ಗುಂಡ್ಲು ಹೊಳೆಗಳ ಕಣಿವೆಗಳಲ್ಲಿರುವ ಬಂಡಿದಾರಿಗಳು, ಕಾಲುವೆ ಏರಿಗಳು, ಕೆರೆ ಏರಿಗಳು ಹಾಗೂ ಕಾಡಂಚಿನ ದಾರಿಗಳು ಈ ಗುಂಪಿಗೆ ಸೇರುತ್ತವೆ. ಇವು ಸೈಕಲ್ಲಿಗೆಂದೇ ರೂಪಿಸಿದ ಮಾರ್ಗಗಳಲ್ಲ. ಹೊಲಕ್ಕೆ ಗೊಬ್ಬರ ಸಾಗಿಸಲು, ಸಂತೆಗೆ ಹೋಗಲು, ದನ ಹೊಡೆದುಕೊಂಡು ಹೋಗಲು ತಲೆತಲಾಂತರದಿಂದ ಬಳಸಿ ಉಳಿದುಬಂದ ದಾರಿಗಳು. ಜಿಲ್ಲೆಯ ಅರಣ್ಯಗಳೊಳಗೂ ವಾಹನರಹಿತವಾದ ಮಣ್ಣುದಾರಿಗಳಿವೆ. ಆದರೆ ಅವು ಹುಲಿ ಸಂರಕ್ಷಿತ ಪ್ರದೇಶಗಳ ಒಳಗಿರುವುದರಿಂದ ಸೈಕಲ್ ಸವಾರರಿಗೆ ತೆರೆದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಭೂಪಟ ನೋಡಿ ಹೊರಟವರು ಚೆಕ್‌ಪೋಸ್ಟಿನಿಂದ ಹಿಂದಿರುಗಬೇಕಾಗುತ್ತದೆ.

ಪರಿಭಾಷೆ

ಡಾಂಬರು ರಸ್ತೆಯನ್ನು ಬಿಟ್ಟು ಮಣ್ಣು ಮತ್ತು ಸಣ್ಣ ಜಲ್ಲಿಯ ದಾರಿಗಳಲ್ಲಿ ದೂರದ ಸವಾರಿ ಮಾಡುವುದನ್ನು ಇತ್ತೀಚಿನ ವರ್ಷಗಳಲ್ಲಿ ‘ಗ್ರಾವೆಲ್ ಸೈಕ್ಲಿಂಗ್’ ಎಂದು ಕರೆಯಲಾಗುತ್ತಿದೆ. ಕಡಿದಾದ ಬೆಟ್ಟದ ಇಳಿಜಾರುಗಳಿಗಾಗಿ ತಯಾರಾದ ಮೌಂಟನ್ ಬೈಕ್ ಮತ್ತು ನುಣುಪು ರಸ್ತೆಯ ರೇಸಿಂಗ್ ಸೈಕಲ್, ಇವೆರಡರ ನಡುವಿನ ಸೈಕಲ್ ಇದಕ್ಕೆ ಬಳಕೆಯಾಗುತ್ತದೆ. ‘ಗ್ರಾವೆಲ್’ ಎಂಬ ಪದ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಪಂಚಾಯಿತಿ ಕಾಮಗಾರಿಯ ಮಾತಿನಲ್ಲಿ ‘ರಸ್ತೆಗೆ ಗ್ರಾವೆಲ್ ಹಾಕುವುದು’ ಎಂದರೆ ಗುಡ್ಡದ ಗರಸು ಮಣ್ಣನ್ನು ತಂದು ಹರಡಿ, ನೀರು ಹೊಡೆದು, ರೋಲರ್‌ನಿಂದ ಅದುಮುವುದು ಎಂದೇ ಅರ್ಥ.

ಗ್ರಾವೆಲ್ ಸೈಕಲ್ಲಿನ ಟೈರುಗಳು ಸಾಮಾನ್ಯವಾಗಿ 35ರಿಂದ 50 ಮಿ.ಮೀ. ಅಗಲವಿರುತ್ತವೆ. ಭಾರತದ ಹಳ್ಳಿಗಳಲ್ಲಿ ದಶಕಗಳಿಂದ ಓಡಾಡಿದ ಕರಿಯ ‘ಗಂಡಸರ ಸೈಕಲ್ಲಿ’ನ ಟೈರಿನ ಅಳತೆ 28 × 1½ ಇಂಚು. ಒಂದೂವರೆ ಇಂಚು ಎಂದರೆ ಸುಮಾರು 38 ಮಿ.ಮೀ. ಹೊಸದೆಂದು ಮಾರಾಟವಾಗುತ್ತಿರುವ ಅಗಲ ನಮ್ಮ ಅಂಚೆಯಣ್ಣಂದಿರ ಮತ್ತು ಹಾಲು ಮಾರುವವರ ಸೈಕಲ್ಲುಗಳಲ್ಲಿ ಮೊದಲಿನಿಂದಲೂ ಇತ್ತು ಎಂಬುದನ್ನು ಇಲ್ಲಿ ಗಮನಿಸಬಹುದು. ಗೇರು, ಡಿಸ್ಕ್ ಬ್ರೇಕು, ಹಗುರವಾದ ಚೌಕಟ್ಟು ಇವುಗಳಲ್ಲಿ ಮಾತ್ರ ನಿಜವಾದ ವ್ಯತ್ಯಾಸವಿದೆ.

ಜಾಗತಿಕ ಹಿನ್ನೆಲೆ

ವಾಹನರಹಿತ ಸೈಕಲ್ ಮಾರ್ಗಗಳು ಬೇರೆ ದೇಶಗಳಲ್ಲಿ ಮುಖ್ಯವಾಗಿ ಎರಡು ರೀತಿಯಲ್ಲಿ ಉಂಟಾಗಿವೆ. ಮೊದಲನೆಯದು, ನಿಂತುಹೋದ ರೈಲು ಹಳಿಗಳ ಜಾಡು. ಅಮೆರಿಕದ ಮಿಸೌರಿ ರಾಜ್ಯದ ‘ಕೇಟಿ ಟ್ರೈಲ್’ ಸುಮಾರು 386 ಕಿ.ಮೀ. ಉದ್ದವಿದ್ದು, ಬಹುಭಾಗ ಮಿಸೌರಿ ನದಿಯ ದಂಡೆಯ ಹಳೆಯ ರೈಲು ಮಾರ್ಗದ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ ನಿರ್ಮಿತವಾಗಿದೆ.

ಎರಡನೆಯದು, ಇರುವ ಹಳ್ಳಿದಾರಿಯನ್ನೇ ಉಳಿಸಿಕೊಳ್ಳುವುದು. ಇಟಲಿಯ ಟಸ್ಕನಿ ಪ್ರಾಂತದ ಗಾಯೋಲೆ ಎಂಬ ಊರಿನಲ್ಲಿ 1997ರಲ್ಲಿ ಆರಂಭವಾದ ‘ಎರೋಯಿಕಾ’ ಎಂಬ ಹಳೆಯ ಸೈಕಲ್ಲುಗಳ ಸವಾರಿಯ ಒಂದು ಉದ್ದೇಶವೇ ಅಲ್ಲಿನ ಬಿಳಿ ಮಣ್ಣಿನ ರಸ್ತೆಗಳನ್ನು ಡಾಂಬರಿನಿಂದ ರಕ್ಷಿಸುವುದಾಗಿತ್ತು. ಆ ದಾರಿಗಳ ಹೆಸರನ್ನೇ ಹೊತ್ತ ‘ಸ್ತ್ರಾದೆ ಬಿಯಾಂಕೆ’ ಎಂಬ ವೃತ್ತಿಪರ ಸ್ಪರ್ಧೆ 2007ರಿಂದ ನಡೆಯುತ್ತಿದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಿಂದ ದೂರದ ಗ್ರಾವೆಲ್ ಸ್ಪರ್ಧೆ ನಡೆಯುತ್ತಿದ್ದು, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ ಏರ್ಪಡಿಸಿತು. ಚಾಮರಾಜನಗರ ಸೀಮೆಗೆ ಹತ್ತಿರದ ಹೋಲಿಕೆ ಟಸ್ಕನಿಯದು. ಇಲ್ಲಿಯೂ ದಾರಿ ಇದೆ, ಅದು ಉಳಿಯುವುದೇ ಪ್ರಶ್ನೆ.

ನೀಲಗಿರಿಯತ್ತ ಸಾಗುವ ಸೈಕಲ್ ಪ್ರವಾಸಿಗರಿಗೆ ಗುಂಡ್ಲುಪೇಟೆಯ ಹೆಸರು ಪರಿಚಿತ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಮೊದಲಾದ ಪ್ರವಾಸಗಳು ಈ ಭಾಗಕ್ಕೆ ದೂರದ ಸವಾರರನ್ನು ತಂದಿವೆ. ಆದರೆ ಅವು ಡಾಂಬರು ರಸ್ತೆಯ ಪ್ರವಾಸಗಳು.

ಭೂಸ್ವರೂಪ

ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟಿತು. ಜಿಲ್ಲೆಯ ಸುಮಾರು ಅರ್ಧದಷ್ಟು ಭೂಭಾಗ ಅರಣ್ಯ. ದಕ್ಷಿಣ ಮತ್ತು ನೈಋತ್ಯದಲ್ಲಿ ಬಂಡೀಪುರ, ಪೂರ್ವದಲ್ಲಿ ಬಿಳಿಗಿರಿರಂಗನ ಬೆಟ್ಟಗಳು. ಇವುಗಳ ನಡುವೆ ಉತ್ತರಕ್ಕೆ ಇಳಿಯುತ್ತಾ ಹೋಗುವ ಬಯಲು. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದರೆ, ಚಾಮರಾಜನಗರ ಸುಮಾರು 660 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೂಲಕ ಚಾಮರಾಜನಗರಕ್ಕೆ ಹೋಗುವವರಿಗೆ ಒಟ್ಟಾರೆ ಇಳಿಜಾರು, ಮರಳಿ ಬರುವವರಿಗೆ ಏರು. ಬೆಟ್ಟಗಳನ್ನು ಬಿಟ್ಟರೆ ಕಡಿದಾದ ಏರುಗಳು ಕಡಿಮೆ.

ಸುವರ್ಣಾವತಿ ಮತ್ತು ಗುಂಡ್ಲು ಎಂಬ ಎರಡು ಹೊಳೆಗಳು ಈ ಬಯಲನ್ನು ರೂಪಿಸಿವೆ. ಎರಡರ ನೀರೂ ಕೊನೆಗೆ ಕಾವೇರಿಯನ್ನು ಸೇರುತ್ತದೆ. ಬಂಡೀಪುರದ ದಕ್ಷಿಣದ ಅಂಚಿನಲ್ಲಿ ಹರಿಯುವ ಮೋಯಾರ್ ನದಿ ಮಾತ್ರ ಬೇರೆ ದಿಕ್ಕಿನದು. ಅದು ಆಳವಾದ ಕಂದರದಲ್ಲಿ ಪೂರ್ವಕ್ಕೆ ಹರಿದು ತಮಿಳುನಾಡಿನಲ್ಲಿ ಭವಾನಿಯನ್ನು ಕೂಡುತ್ತದೆ. ಆ ಕಡೆಗೆ ಇಳಿಯುವ ಗಜ್ಜಲಹಟ್ಟಿ ಕಣಿವೆಮಾರ್ಗವು ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನಿಂದ ಕೊಯಮತ್ತೂರು ಸೀಮೆಗೆ ಸೇನೆ ಸಾಗುವ ಹೆದ್ದಾರಿಯಾಗಿತ್ತು; ಇಂದು ಅದು ದಟ್ಟ ಕಾಡಿನೊಳಗಿನ ಜಾಡು.

ಸುವರ್ಣಾವತಿ ಕಣಿವೆ

ಹಿಂದೆ ಹೊನ್ನುಹೊಳೆ ಎಂದು ಕರೆಯಲಾಗುತ್ತಿದ್ದ ಸುವರ್ಣಾವತಿಯು ತಮಿಳುನಾಡಿನ ಗಡಿಯ ಬೆಟ್ಟಗಳಲ್ಲಿ ಹುಟ್ಟಿ, ಚಾಮರಾಜನಗರ ಮತ್ತು ಯಳಂದೂರು ತಾಲ್ಲೂಕುಗಳನ್ನು ಹಾದು ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಗೆ ಸೇರುತ್ತದೆ. ಅಟ್ಟುಗುಳಿಪುರದ ಬಳಿ ಇದಕ್ಕೆ ಅಣೆಕಟ್ಟಿದೆ. ಉಪನದಿಯಾದ ಚಿಕ್ಕಹೊಳೆಗೂ ಸಮೀಪದಲ್ಲೇ ಪ್ರತ್ಯೇಕ ಜಲಾಶಯವಿದೆ. ಎರಡೂ ಜಲಾಶಯಗಳ ಹಿನ್ನೀರಿನ ಆಚೆ ಕಾಡು, ಈಚೆ ಕಾಲುವೆಯ ನೀರು ಕುಡಿಯುವ ಗದ್ದೆ ತೋಟಗಳು.

ಮಣ್ಣುದಾರಿಯ ಸವಾರಿಗೆ ಜಿಲ್ಲೆಯಲ್ಲಿ ಅತ್ಯಂತ ಅನುಕೂಲವಾದ ಭಾಗ ಇದೇ ಎನ್ನಬೇಕು. ಕಾಲುವೆಗಳ ಪಕ್ಕದಲ್ಲಿ ನೀರಾವರಿ ಸಿಬ್ಬಂದಿಯ ಪರಿಶೀಲನೆಗಾಗಿ ಬಿಟ್ಟಿರುವ ಏರಿದಾರಿಯು ಸಮಮಟ್ಟದ ರೇಖೆಯನ್ನೇ ಹಿಡಿದು ಸಾಗುತ್ತದೆ. ಏಕೆಂದರೆ ನೀರು ತಾನಾಗಿ ಹರಿಯಬೇಕಾದರೆ ಕಾಲುವೆಯ ಇಳುಕಲು ಅತ್ಯಲ್ಪವಾಗಿರಬೇಕು. ಆದ್ದರಿಂದ ಏರು ಇಳಿವುಗಳಿಲ್ಲ. ದಾರಿ ಸುತ್ತುಬಳಸಾಗಿರುವುದರಿಂದ ಅವಸರದ ವಾಹನಗಳು ಅದನ್ನು ಹಿಡಿಯುವುದಿಲ್ಲ. ಕೆಲವೆಡೆ ಏರಿ ಕುಸಿದಿರುತ್ತದೆ, ಕೆಲವೆಡೆ ಜೊಂಡು ಮತ್ತು ಜಾಲಿ ಬೆಳೆದು ಸೈಕಲ್ ಇಳಿದು ತಳ್ಳಬೇಕಾಗುತ್ತದೆ. ತೂಬಿನ ಬಳಿ ದಾರಿ ಕಿರಿದಾಗುವುದರಿಂದ ಎಚ್ಚರ ಅಗತ್ಯ.

ಚಾಮರಾಜನಗರದಿಂದ ಅಣೆಕಟ್ಟಿನ ಕಡೆಗೆ ಹೋಗುವ ದಾರಿಯಲ್ಲಿ ಹರದನಹಳ್ಳಿ ಸಿಗುತ್ತದೆ. ಇಂದು ಸಣ್ಣ ಊರಾದರೂ ಒಂದು ಕಾಲಕ್ಕೆ ಕೋಟೆ ಪೇಟೆಗಳಿದ್ದ ಸ್ಥಳ. ಇಲ್ಲಿನ ದಿವ್ಯಲಿಂಗೇಶ್ವರ ದೇವಾಲಯ ಪ್ರಸಿದ್ಧ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಇಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಊರಿಗೂ ಅದೇ ಹೆಸರು ಬಂದಿತು. ಊರಿನಿಂದ ಹೊಳೆಯ ಜಾಡು ಹಿಡಿದು ಈಶಾನ್ಯಕ್ಕೆ ಹೋದರೆ ಆಲೂರು, ಮುಂದೆ ಯಳಂದೂರು. ಯಳಂದೂರಿನ ಗೌರೀಶ್ವರ ದೇವಾಲಯದ ಮುಂದಿನ ಬಳೇಮಂಟಪವು ಕಲ್ಲಿನ ಬಳೆಗಳ ಸರಪಳಿಯಿಂದ ಹೆಸರಾಗಿದೆ. ಈ ಪಟ್ಟಿಯಲ್ಲಿ ಬಾಳೆ, ಕಬ್ಬು, ಅರಿಸಿನ, ಹಿಪ್ಪುನೇರಳೆ ಬೆಳೆಗಳು ಹೆಚ್ಚು. ಕಬ್ಬು ಕಟಾವಿನ ಕಾಲದಲ್ಲಿ ಮಾತ್ರ ಟ್ರ್ಯಾಕ್ಟರುಗಳ ಓಡಾಟ ಬಿರುಸಾಗಿರುತ್ತದೆ.

ದಕ್ಷಿಣದಲ್ಲಿ ತಾಳವಾಡಿ ಸೀಮೆ. ಆಡಳಿತದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದರೂ ಇಲ್ಲಿನ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತಾಗಿರುವ ಕುಟುಂಬಗಳು ಬಹಳ. ನಟ ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಈ ಭಾಗದಲ್ಲೇ. 2000ದ ಜುಲೈನಲ್ಲಿ ಕಾಡುಗಳ್ಳ ವೀರಪ್ಪನ್ ಅವರನ್ನು ಅಪಹರಿಸಿದ್ದು ಇಲ್ಲಿಂದಲೇ. 2004ರಲ್ಲಿ ವೀರಪ್ಪನ್ ಹತನಾಗುವವರೆಗೆ ಗಡಿಯ ಕಾಡುದಾರಿಗಳಲ್ಲಿ ಹೊರಗಿನವರು ಸಂಚರಿಸುವುದು ಕನಸಿನ ಮಾತಾಗಿತ್ತು.

ಗುಂಡ್ಲು ಹೊಳೆಯ ಕಣಿವೆ

ಗುಂಡ್ಲು ಹೊಳೆಯು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಹರಿದು ಬಂದು, ಗುಂಡ್ಲುಪೇಟೆಯನ್ನು ಹಾದು, ಬೇಗೂರಿನ ಕಡೆಗೆ ಉತ್ತರಮುಖವಾಗಿ ಸಾಗಿ ನಂಜನಗೂಡಿನಲ್ಲಿ ಕಪಿಲೆಯನ್ನು, ಎಂದರೆ ಕಬಿನಿಯನ್ನು ಸೇರುತ್ತದೆ. ಸ್ಥಳಪುರಾಣದಲ್ಲಿ ಇದರ ಹೆಸರು ಕೌಂಡಿನ್ಯ. ಕೊಳ್ಳೇಗಾಲದ ಕಡೆಯ ಗುಂಡಾಲ್ ಜಲಾಶಯಕ್ಕೂ ಈ ಹೊಳೆಗೂ ಸಂಬಂಧವಿಲ್ಲ. ಹೆಸರಿನ ಹೋಲಿಕೆಯಿಂದ ವಿದ್ಯಾರ್ಥಿಗಳು ಎರಡನ್ನೂ ಒಂದೆಂದು ಬರೆಯುವುದುಂಟು.

ಇದು ಮಳೆನೆರಳಿನ ಸೀಮೆ. ಹೊಳೆ ವರ್ಷದ ಬಹುಕಾಲ ಒಣಗಿಯೇ ಇರುತ್ತದೆ. ಅದರ ಪಾತ್ರದ ಪಕ್ಕದ ದಾರಿಗಳು, ಕೆರೆಯಿಂದ ಕೆರೆಗೆ ಹೋಗುವ ಬಂಡಿಜಾಡುಗಳು ಸೈಕಲ್ಲಿಗೆ ಸಿಗುವ ನೆಲ. ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿತ್ತು. ಊರ ಪಕ್ಕದ ವಿಜಯಪುರ ಅಮಾನಿಕೆರೆ ಮತ್ತು ವಿಜಯನಾರಾಯಣಸ್ವಾಮಿ ದೇವಾಲಯಗಳು ಆ ಹೆಸರನ್ನು ಉಳಿಸಿಕೊಂಡಿವೆ. ಕಬಿನಿಯಿಂದ ನೀರೆತ್ತಿ ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ ಹಲವು ಕೆರೆಗಳಲ್ಲಿ ನೀರು ಕಾಣುವಂತಾಗಿದೆ. ಕೆರೆ ತುಂಬಿದಾಗ ಏರಿಯ ಮೇಲಿನ ದಾರಿ ಸೊಗಸು. ಆದರೆ ಒಣ ಕೆರೆಯಂಗಳವನ್ನು ಅಡ್ಡ ಹಾಯುತ್ತಿದ್ದ ಒಳದಾರಿಗಳು ಆಗ ಮುಳುಗಿರುತ್ತವೆ.

ತಾಲ್ಲೂಕಿನ ಪೂರ್ವಕ್ಕೆ ತೆರಕಣಾಂಬಿ. ಹಳೆಯ ಕಾಲದಲ್ಲಿ ಪ್ರಮುಖ ಪಟ್ಟಣವಾಗಿದ್ದು, ಹಲವು ಪ್ರಾಚೀನ ದೇವಾಲಯಗಳನ್ನು ಉಳಿಸಿಕೊಂಡಿರುವ ಊರು. ಸಮೀಪದಲ್ಲೇ ತ್ರಯಂಬಕಪುರ, ಹುಲುಗಿನಮುರಡಿ ಬೆಟ್ಟ. ಈ ಊರುಗಳ ನಡುವೆ ಮುಖ್ಯರಸ್ತೆಯನ್ನು ಬಿಟ್ಟು ಹೊಲಗಳ ನಡುವೆಯೇ ಸಾಗಬಹುದಾದ ದಾರಿಗಳಿವೆ. ಮುಂಗಾರಿನಲ್ಲಿ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳು ಅರಳಿದಾಗ ಊಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆಯುವವರ ಸಾಲು ನೆರೆಯುತ್ತದೆ; ಅದೇ ಹೂವಿನ ಹೊಲಗಳು ಒಳದಾರಿಗಳಲ್ಲಿ ಯಾವ ಗದ್ದಲವೂ ಇಲ್ಲದೆ ಕಾಣಸಿಗುತ್ತವೆ. ಹೊಲದ ಬದುವಿನ ಮೇಲೆ ಸೈಕಲ್ ಹತ್ತಿಸಬಾರದು. ಬದು ಕುಸಿದರೆ ಮಳೆಯಲ್ಲಿ ಮಣ್ಣು ಕೊಚ್ಚಿಹೋಗುತ್ತದೆ.

ಕರಿಕಲ್ಲು ಮತ್ತು ಬಿಳಿಕಲ್ಲು ಗಣಿಗಳಿರುವ ಭಾಗಗಳು ಇದಕ್ಕೆ ಅಪವಾದ. ಮಣ್ಣುದಾರಿಯೆಂದು ಹೊಕ್ಕರೆ ಎದುರಿಗೆ ಕಲ್ಲು ಹೇರಿದ ಟಿಪ್ಪರುಗಳು ಬರುತ್ತವೆ. ದಾರಿಯ ಮೇಲೆ ಬಿಳಿಯ ಕಲ್ಲುಹುಡಿ ದಪ್ಪಗೆ ಕೂತಿದ್ದರೆ ಅದು ಗಣಿಯ ದಾರಿ ಎಂದು ತಿಳಿದು ಬೇರೆ ದಾರಿ ಹಿಡಿಯುವುದು ಲೇಸು.

ಅರಣ್ಯದೊಳಗಿನ ದಾರಿಗಳು

ಭೂಪಟದಲ್ಲಿ ಅಥವಾ ಉಪಗ್ರಹ ಚಿತ್ರದಲ್ಲಿ ನೋಡಿದರೆ ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಮಣ್ಣುದಾರಿಗಳ ಜಾಲವೇ ಕಾಣುತ್ತದೆ. ಇವು ಅರಣ್ಯ ಇಲಾಖೆಯ ಗಸ್ತಿನ ಜೀಪ್ ದಾರಿಗಳು, ಬೇಸಿಗೆಗೆ ಮುನ್ನ ತರಗು ಗುಡಿಸಿ ಸುಟ್ಟು ಬೋಳುಮಾಡುವ ಬೆಂಕಿ ರೇಖೆಗಳು, ಸಫಾರಿ ದಾರಿಗಳು. ಬಿಳಿಗಿರಿರಂಗನ ಬೆಟ್ಟಗಳಲ್ಲಿ ಬ್ರಿಟಿಷ್ ಕಾಲದ ಕಾಫಿ ತೋಟಗಳ ದಾರಿಗಳೂ ಇವೆ. ಹೊನ್ನಮೇಟಿ ತೋಟದ ಆರ್. ಸಿ. ಮಾರಿಸ್ ಎಂಬ ಪ್ಲಾಂಟರ್ ವನ್ಯಜೀವಿಗಳ ಬಗೆಗಿನ ತಮ್ಮ ಬರಹಗಳಿಂದ ಹೆಸರಾದವರು. ಈ ಎಲ್ಲ ದಾರಿಗಳಿಗಿಂತ ಹಳೆಯವು ಸೋಲಿಗರ ಕಾಲುದಾರಿಗಳು. ಅರಣ್ಯ ಹಕ್ಕುಗಳ ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಕಾಡಿನ ದಾರಿಗಳ ಬಳಕೆ ಅವರ ಬದುಕಿನ ಭಾಗ. ಅದನ್ನು ಪ್ರವಾಸಿಯ ಸವಾರಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ವನ್ಯಜೀವಿಧಾಮವನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಪರಿಚ್ಛೇದದಂತೆ ವನ್ಯಜೀವಿಧಾಮದೊಳಗೆ ಕರ್ತವ್ಯನಿರತ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯ ಮೂಲಕ ಹಾದುಹೋಗುವವರು ಮತ್ತು ಇವರ ಅವಲಂಬಿತರನ್ನು ಬಿಟ್ಟು ಉಳಿದವರು ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಈ ನಿಯಮ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ಕಾಡಿನ ಜೀಪ್ ದಾರಿಗೆ ಗೇಟಿಲ್ಲದಿದ್ದರೂ, ಸೈಕಲ್ಲಿಗೆ ಎಂಜಿನ್ ಇಲ್ಲದಿದ್ದರೂ, ಒಳಹೋಗುವುದು ಅಪರಾಧವೇ.

ಸದ್ದಿಲ್ಲದ ಸೈಕಲ್ಲಿನಿಂದ ಪ್ರಾಣಿಗಳಿಗೆ ತೊಂದರೆಯಿಲ್ಲ ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಅಪಾಯ ಇರುವುದೇ ಆ ಮೌನದಲ್ಲಿ. ಕಾರಿನ ಸದ್ದು ಆನೆಗೆ ದೂರದಿಂದಲೇ ಕೇಳುತ್ತದೆ, ಅದು ಸರಿದುಕೊಳ್ಳಲು ಸಮಯ ಸಿಗುತ್ತದೆ. ತಿರುವಿನಲ್ಲಿ ಥಟ್ಟನೆ ಎದುರಾಗುವ ಸೈಕಲ್ ಸವಾರನಿಗೂ ಮರಿಯಿರುವ ಹೆಣ್ಣಾನೆಗೂ ಆ ಅವಕಾಶವಿಲ್ಲ. ಲಂಟಾನ ಪೊದೆಗಳು ದಾರಿಯ ಎರಡೂ ಬದಿ ಮುತ್ತಿಕೊಂಡಿರುವ ಕಡೆ ಹತ್ತು ಮಾರು ದೂರವೂ ಕಾಣುವುದಿಲ್ಲ.

ಸಾರ್ವಜನಿಕ ರಸ್ತೆಗಳ ಸ್ಥಿತಿ ಬೇರೆ. ಬಂಡೀಪುರದ ಮೂಲಕ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾಯುತ್ತವೆ. ಮದ್ದೂರು ಚೆಕ್‌ಪೋಸ್ಟಿನಿಂದ ಮೂಲೆಹೊಳೆಯ ಮೂಲಕ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ 766 (ಹಿಂದಿನ 212), ಮೇಲುಕಾಮನಹಳ್ಳಿಯಿಂದ ಕೆಕ್ಕನಹಳ್ಳದ ಮೂಲಕ ಊಟಿಗೆ ಹೋಗುವ 181 (ಹಿಂದಿನ 67). ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದ ಕಾರಣ 2009ರಲ್ಲಿ ಜಿಲ್ಲಾಡಳಿತವು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ಮತ್ತು ನಿಗದಿತ ಸಂಖ್ಯೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಚಾಮರಾಜನಗರದಿಂದ ಪುಣಜನೂರಿನ ಮೂಲಕ ಸತ್ಯಮಂಗಲಕ್ಕೆ ಇಳಿಯುವ ಹೆದ್ದಾರಿಯಲ್ಲಿ, ತಮಿಳುನಾಡಿನ ಬಣ್ಣಾರಿ–ಕಾರಪಳ್ಳಂ ಭಾಗಕ್ಕೂ 2022ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ನಿರ್ಬಂಧ ಜಾರಿಯಲ್ಲಿದೆ. ನಾಡಿನಲ್ಲಿ ವಾಹನರಹಿತ ರಸ್ತೆಗಾಗಿ ನಡೆದ ಅತಿ ದೊಡ್ಡ ಕಾನೂನು ಹೋರಾಟಗಳಲ್ಲಿ ಇದೂ ಒಂದು, ಮತ್ತು ಅದರ ಫಲಾನುಭವಿಗಳು ಮನುಷ್ಯರಲ್ಲ. ಹಗಲಿನಲ್ಲಿ ಹೆದ್ದಾರಿಯಲ್ಲಿ ಸೈಕಲ್ ತುಳಿಯುವುದಾದರೂ ಕಾಡಿನ ನಡುವೆ ನಿಲ್ಲುವುದು, ಇಳಿಯುವುದು, ಪ್ರಾಣಿಗಳಿಗೆ ತಿನಿಸು ಹಾಕುವುದು ಸಲ್ಲದು. ಪರಿಸ್ಥಿತಿಯನ್ನು ನೋಡಿ ಸಿಬ್ಬಂದಿ ಸೈಕಲ್ಲನ್ನು ತಡೆಯಬಹುದು.

1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಹಂಗಳದಿಂದ ಬೆಟ್ಟದ ಬುಡದವರೆಗೆ ಹೋಗಿ ಅಲ್ಲಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕು. ಸೈಕಲ್ಲಿನಲ್ಲಿ ಬಂದವರ ಸವಾರಿಯೂ ಬುಡದಲ್ಲೇ ಮುಗಿಯುತ್ತದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಯಳಂದೂರಿನ ಕಡೆಯಿಂದ ಗುಂಬಳ್ಳಿ, ಚಾಮರಾಜನಗರದ ಕಡೆಯಿಂದ ಹೊಂಡರಬಾಳು ಚೆಕ್‌ಪೋಸ್ಟುಗಳ ಮೂಲಕ ರಸ್ತೆಯಿದೆ. ದ್ವಿಚಕ್ರಗಳ ಪ್ರವೇಶದ ನಿಯಮವನ್ನು ಮುಂಚಿತವಾಗಿ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಬೇಕು.

ಕಾಡಂಚಿನ ಹಳ್ಳಿಗಳು

ಕಾನೂನಿನ ಗೆರೆ ಪ್ರಾಣಿಗಳಿಗೆ ಗೊತ್ತಿಲ್ಲ. ಕಾಡಿನ ಅಂಚಿನಲ್ಲಿ ಆನೆ ಕಂದಕ, ಸೌರ ಬೇಲಿ, ಹಳೆಯ ರೈಲು ಕಂಬಿಗಳ ತಡೆಗೋಡೆಗಳಿದ್ದರೂ ಆನೆಗಳು ದಾಟುತ್ತವೆ. ಕಣಿಯನಪುರ ಮತ್ತು ಪುಣಜನೂರಿನ ಬಳಿ ಗುರುತಿಸಲಾದ ಆನೆ ಕಾರಿಡಾರುಗಳಿವೆ. ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯಲ್ಲಿ 2019ರಲ್ಲಿ ಹುಲಿಯ ದಾಳಿಗೆ ಇಬ್ಬರು ರೈತರು ಬಲಿಯಾದರು. ಅಕ್ಟೋಬರಿನಲ್ಲಿ ಆ ಹುಲಿಯನ್ನು ಸೆರೆಹಿಡಿಯಲಾಯಿತು. ಅವರಿಬ್ಬರೂ ದಾರಿ ತಪ್ಪಿ ಕಾಡು ಹೊಕ್ಕವರಲ್ಲ, ಹೊಲ ಮತ್ತು ದನಕರುಗಳ ಕೆಲಸದಲ್ಲಿದ್ದ ಊರಿನವರು.

ಕಾಡಂಚಿನ ರೈತ ಸಂಜೆಯ ಮೇಲೆ ಆ ದಾರಿಯಲ್ಲಿ ಒಂಟಿಯಾಗಿ ಓಡಾಡುವುದಿಲ್ಲ. ರಾತ್ರಿ ಕಾವಲಿಗೆ ಹೋಗುವಾಗ ಜೊತೆಗಾರರು ಇರುತ್ತಾರೆ, ಕೈಯಲ್ಲಿ ಬ್ಯಾಟರಿ ಇರುತ್ತದೆ. ಸವಾರರಿಗೂ ಇದೇ ಅಳತೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಟು, ಸಂಜೆ ನಾಲ್ಕರೊಳಗೆ ಕಾಡಂಚನ್ನು ಬಿಟ್ಟು ಬಯಲಿಗೆ ಬರುವುದು ಸೂಕ್ತ. ಎದುರಿಗೆ ಸಿಕ್ಕ ದನಗಾಹಿಯನ್ನು ‘ಅಣ್ಣಾ, ಮುಂದಕ್ಕೆ ಆನೆ ಉಂಟಾ?’ ಎಂದು ಕೇಳುವುದಕ್ಕಿಂತ ನಂಬಿಗಸ್ತ ಮಾಹಿತಿ ಯಾವ ಭೂಪಟದಲ್ಲೂ ಸಿಗದು.

ಋತುಮಾನ ಮತ್ತು ನೆಲ

ಇಲ್ಲಿ ಮೇ ತಿಂಗಳ ಮುಂಗಾರುಪೂರ್ವ ಮಳೆ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನ ಮಳೆ ಮುಖ್ಯ. ನಡುವಣ ಜೂನ್–ಜುಲೈ ತಿಂಗಳುಗಳಲ್ಲಿ ಮೋಡ ಮತ್ತು ಗಾಳಿ ಹೆಚ್ಚು, ಮಳೆ ಸಾಧಾರಣ. ಕೆಂಪು ಮಣ್ಣಿನ ದಾರಿ ಮಳೆ ನಿಂತ ಮರುದಿನವೇ ತುಳಿಯಲು ಯೋಗ್ಯವಾಗುತ್ತದೆ. ಕರಿಮಣ್ಣಿನ ಹೊಲಗಳ ನಡುವಿನ ದಾರಿಯಾದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಸೈಕಲ್ ಅಲುಗದಂತಾಗುತ್ತದೆ. ಎರಡು ಮೂರು ದಿನ ಕಾಯಲೇಬೇಕು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಸವಾರಿಗೆ ಉತ್ತಮ.

ಬೇಸಿಗೆಯಲ್ಲಿ ಬಿಸಿಲಿನ ಜೊತೆಗೆ ಕಾಳ್ಗಿಚ್ಚಿನ ಭಯವೂ ಇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಆ ತಿಂಗಳುಗಳಲ್ಲಿ ಕಾಡಂಚಿನಲ್ಲಿ ಬೆಂಕಿ ಹೊತ್ತಿಸುವುದು, ಬೀಡಿ ಸಿಗರೇಟು ಎಸೆಯುವುದು ಮಹಾಪರಾಧವೆಂದೇ ತಿಳಿಯಬೇಕು.

ಟೈರಿನ ಶತ್ರುಗಳು ಎರಡು. ಬೇಲಿಗಳಿಂದ ಕತ್ತರಿಸಿ ದಾರಿಗೆ ಎಸೆದ ಜಾಲಿಮುಳ್ಳು ಒಂದು, ಒಣ ನೆಲದಲ್ಲಿ ಹರಡಿಕೊಳ್ಳುವ ನೆಗ್ಗಿಲುಮುಳ್ಳು ಇನ್ನೊಂದು. ನೆಗ್ಗಿಲಿನ ಕಾಯಿ ಯಾವ ಮಗ್ಗುಲಿಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಬಿಡಿ ಟ್ಯೂಬು, ಪ್ಯಾಚು, ಪಂಪು ಇಲ್ಲದೆ ಹೋಗಬಾರದು. ಸೈಕಲ್ ಷಾಪುಗಳು ದೊಡ್ಡ ಹಳ್ಳಿಗಳಲ್ಲಿ ಇನ್ನೂ ಇವೆ. ಆದರೆ ಹೊಸ ಬಗೆಯ ಚಕ್ರಗಳ ಬಿಡಿಭಾಗಗಳಿಗೆ ಮೈಸೂರಿಗೇ ಹೋಗಬೇಕು. ಮೈಸೂರಿನಿಂದ ಬರುವ ರೈಲು ಮಾರ್ಗ ಚಾಮರಾಜನಗರದಲ್ಲಿ ಕೊನೆಗೊಳ್ಳುತ್ತದೆ. ಗುಂಡ್ಲುಪೇಟೆಗೆ ರೈಲಿಲ್ಲ.

ನಿತ್ಯ ಬಳಕೆದಾರರು

ಈ ದಾರಿಗಳ ಸೈಕಲ್ ಸವಾರರೆಂದರೆ ಮೊದಲು ನೆನೆಯಬೇಕಾದವರು ಹೊರಗಿನ ಪ್ರವಾಸಿಗಳಲ್ಲ. ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರು, ಮೇವಿನ ಹೊರೆ ತರುವವರು, ಮತ್ತು ಶಾಲೆಯ ಮಕ್ಕಳು. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಪ್ರೌಢಶಾಲೆ ಇಲ್ಲದ ಊರಿನ ಹೆಣ್ಣುಮಕ್ಕಳು ಏಳನೆಯ ತರಗತಿಗೇ ಓದು ನಿಲ್ಲಿಸುವುದು ಸಾಮಾನ್ಯವಾಗಿದ್ದ ಸೀಮೆಯಲ್ಲಿ ಈ ಸೈಕಲ್ ಎಂಥ ಬದಲಾವಣೆ ತಂದಿತೆಂಬುದನ್ನು ಆ ಶಾಲೆಗಳಲ್ಲಿ ಪಾಠ ಹೇಳಿದವರು ಬಲ್ಲರು. ಮುಕ್ಕಾಲು ಗಂಟೆಯ ನಡಿಗೆಯ ದಾರಿ ಕಾಲು ಗಂಟೆಯ ಸವಾರಿಯಾಯಿತು. ಟಿಪ್ಪರು ಬಸ್ಸುಗಳ ಮುಖ್ಯರಸ್ತೆಗೆ ಮಕ್ಕಳನ್ನು ಬಿಡಲು ಹೆದರುವ ತಾಯಂದಿರು ಹೊಲದ ಒಳದಾರಿಯಲ್ಲಿ ಗುಂಪಾಗಿ ಹೋಗಿರೆಂದು ಕಳುಹಿಸುತ್ತಿದ್ದರು. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು.

ದಾರಿಗಳ ಕಾನೂನು ಸ್ಥಾನ ಮತ್ತು ಇಂದಿನ ಸ್ಥಿತಿ

ಹಳ್ಳಿಯ ದಾರಿಗಳಿಗೆ ಆಧಾರ ಕಂದಾಯ ಇಲಾಖೆಯ ಗ್ರಾಮ ನಕಾಶೆ. ಅದರಲ್ಲಿ ಕಾಲುದಾರಿಯನ್ನು ಒಂಟಿ ತುಂಡುಗೆರೆಯಿಂದಲೂ ಬಂಡಿದಾರಿಯನ್ನು ಜೋಡಿ ತುಂಡುಗೆರೆಯಿಂದಲೂ ತೋರಿಸಿರುತ್ತಾರೆ. ಇಂಥ ದಾರಿಗಳಿಗೆ ‘ನಕಾಶೆ ಕಂಡ ದಾರಿ’ ಎಂಬ ಹೆಸರು ಬಳಕೆಯಲ್ಲಿದೆ. ನಕಾಶೆ ಕಂಡ ದಾರಿಯನ್ನು ಅಕ್ಕಪಕ್ಕದ ಹಿಡುವಳಿದಾರರು ಮುಚ್ಚುವಂತಿಲ್ಲ. ಮುಚ್ಚಿದರೆ ತಹಸೀಲ್ದಾರರಿಗೆ ದೂರು ನೀಡಿ, ಅಳತೆ ಮಾಡಿಸಿ ಬಿಡಿಸಿಕೊಳ್ಳಬಹುದು. ನಕಾಶೆಯಲ್ಲಿ ಇಲ್ಲದ, ರೂಢಿಯಿಂದ ಬಂದ ದಾರಿಗಳ ಪಾಡು ಕಷ್ಟ. ಜಮೀನು ಕೈಬದಲಾದಾಗ ಹೊಸ ಮಾಲೀಕರು ತಂತಿಬೇಲಿ ಹಾಕಿದರೆ ಆ ದಾರಿ ಅಲ್ಲಿಗೆ ಮುಗಿಯಿತು. ಬಂಡೀಪುರದ ಸುತ್ತ ತೋಟದ ಮನೆಗಳು ಮತ್ತು ರೆಸಾರ್ಟುಗಳ ಬೇಡಿಕೆಯಿಂದ ಭೂಮಿಯ ಬೆಲೆ ಏರಿದ ಮೇಲೆ ಇದು ಹೆಚ್ಚಿದೆ. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿ ಕಟ್ಟಡಗಳಿಗೆ ನಿರ್ಬಂಧ ಬಂದಿದೆಯಾದರೂ, ಹೊಲದ ನಡುವಿನ ಬೇಲಿಯ ಸಮಸ್ಯೆ ಅದರಿಂದ ಪರಿಹಾರವಾಗುವುದಿಲ್ಲ.

ಇನ್ನೊಂದೆಡೆ ಡಾಂಬರು ಮತ್ತು ಕಾಂಕ್ರೀಟು. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಗಳಿಂದ ಹಳ್ಳಿಗಳ ನಡುವಿನ ಹಲವು ಮಣ್ಣುರಸ್ತೆಗಳು ಪಕ್ಕಾ ರಸ್ತೆಗಳಾಗಿವೆ. ಹೆರಿಗೆ ನೋವಿನ ಹೆಣ್ಣುಮಗಳನ್ನು ಆಸ್ಪತ್ರೆಗೆ ಸಾಗಿಸಬೇಕಾದ ಊರಿಗೆ ಡಾಂಬರು ಬೇಡ ಎನ್ನುವ ಹಕ್ಕು ಯಾವ ಸೈಕಲ್ ಸವಾರನಿಗೂ ಇಲ್ಲ. ಆದರೆ ಊರಿಗೊಂದು ಪಕ್ಕಾ ರಸ್ತೆ ಬಂದ ಮೇಲೆ ಉಳಿದ ಬಂಡಿದಾರಿಗಳು ಬಳಕೆ ತಪ್ಪಿ, ಜಾಲಿ ಬೆಳೆದು, ಕ್ರಮೇಣ ಉಳುಮೆಯಲ್ಲಿ ಸೇರಿಹೋಗುತ್ತಿರುವುದು ಬೇರೆಯೇ ನಷ್ಟ. ಉದ್ಯೋಗ ಖಾತರಿ ಯೋಜನೆಯಡಿ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಹೊಲದ ದಾರಿಗಳಿಗೆ ಗರಸು ಹಾಕಿ ಚರಂಡಿ ತೆಗೆಯುವ ಕೆಲಸ ನಡೆದ ಕಡೆಗಳಲ್ಲಿ ದಾರಿಗಳು ಉಳಿದುಕೊಂಡಿವೆ. ಎತ್ತಿನ ಗಾಡಿಗೂ ಶಾಲೆಯ ಮಕ್ಕಳ ಸೈಕಲ್ಲಿಗೂ ಅವು ಸಮಾನವಾಗಿ ಒದಗುತ್ತವೆ.

ರಾಜ್ಯದ ಗ್ರಾಮ ನಕಾಶೆಗಳನ್ನು ಭೂಮಾಪನ ಇಲಾಖೆಯ ಜಾಲತಾಣದಿಂದ ಪಡೆಯಬಹುದು. ನಿಂತ ಸ್ಥಳದ ಸರ್ವೆ ನಂಬರನ್ನು ‘ದಿಶಾಂಕ್’ ಎಂಬ ಸರ್ಕಾರಿ ಮೊಬೈಲ್ ಆ್ಯಪ್ ತೋರಿಸುತ್ತದೆ. ಇವೆರಡನ್ನೂ ಜೊತೆಗಿಟ್ಟುಕೊಂಡು ತಮ್ಮೂರಿನ ಬಂಡಿದಾರಿಗಳಲ್ಲಿ ಯಾವುವು ನಕಾಶೆಯಲ್ಲಿವೆ, ಯಾವುವು ನೆಲದ ಮೇಲೆ ಉಳಿದಿವೆ ಎಂದು ಗುರುತಿಸುವುದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಸಾಧ್ಯವಿರುವ ಕೆಲಸ.